ಸುಣ್ಣ ಬಳಿಯುವ ಬುಧವಾರ

(ಸಾಗರದ ಹತ್ತಿರದ ಒಂದು ಹಳ್ಳಿಮನೆ. ಆಷಾಢದ ಸಂಜೆ, ಮಳೆ ಬಿಟ್ಟಿಲ್ಲ. ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮುಗಿಸಿರುವ ಹುಡುಗಿ ಎರಡು ವರ್ಷದ ಕೆಲಸಕ್ಕೆಂದು ಲೈಬೀರಿಯಾಕ್ಕೆ ಹೊರಟಿದ್ದಾಳೆ. ಅವಳ ಚಿಕ್ಕಮ್ಮ ಅದೇ ದೇಶದಲ್ಲಿ ಹತ್ತು ವರ್ಷ ನರ್ಸ್ ಆಗಿದ್ದು ಬಂದವರು.)

ಮಗಳು: ಚಿಕ್ಕಮ್ಮ, ಹೊರಡೋ ಮೊದಲು ಏನೇನು ಓದ್ಕೊಂಡು ಹೋಗ್ಲಿ? ಅಂಕಿಅಂಶ ಎಲ್ಲ ಲ್ಯಾಪ್‌ಟಾಪಲ್ಲಿ ತುಂಬ್ಕೊಂಡಿದ್ದೀನಿ.

ಚಿಕ್ಕಮ್ಮ: ಮೊದಲು ಈ ಮಳೆ ನೋಡ್ಕೊಂಡು ಹೋಗು. ಅಲ್ಲಿನ ರಾಜಧಾನಿ ಮನ್ರೋವಿಯಾದಲ್ಲಿ ಮೇ ತಿಂಗಳಲ್ಲಿ ಮಳೆ ಹಿಡಿದ್ರೆ ಅಕ್ಟೋಬರ್‌ವರೆಗೂ ಬಿಡಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುತ್ತೆ. ಮಣ್ಣೂ ನಮ್ಮದೇ, ಇದೇ ಕೆಂಪು ಜಂಬಿಟ್ಟಿಗೆ ನೆಲ. 2006ರಲ್ಲಿ ನಿನ್ನ ಚಿಕ್ಕಪ್ಪನ ಜೊತೆ ಅಲ್ಲಿ ಇಳಿದಾಗ ರಸ್ತೆ ಪಕ್ಕದ ಕೆಂಪು ಧರೆ ನೋಡಿ ಅಳು ಬಂದುಬಿಡ್ತು. ಆದ್ರೆ ಅಲ್ಲಿ ಆ ಮಣ್ಣೇ ರಸ್ತೆ ಕಣೇ. ಲೋಫಾ, ಗ್ರ್ಯಾಂಡ್ ಗೆಡೆ ಕಡೆ ಮಳೆಗಾಲದಲ್ಲಿ ಲಾರಿ ಚಕ್ರ ಹೂತ್ರೆ ದಿನಗಟ್ಟಲೆ ಅಲ್ಲೇ. ಅದರ ಹಿಂದಿರೋ ಔಷಧದ ಗಾಡಿನೂ ಅಲ್ಲೇ, ಹೆರಿಗೆ ನೋವು ತಿನ್ನೋ ಹೆಂಗಸೂ ಅಲ್ಲೇ.

ಮಗಳು: ನಮ್ಮ ಪಠ್ಯದಲ್ಲಿ ಇದನ್ನ ಮೂರು ವಿಳಂಬ ಅಂತ ಹೇಳ್ಕೊಡ್ತಾರೆ. ಆಸ್ಪತ್ರೆಗೆ ಹೋಗೋಣ ಅಂತ ಮನಸ್ಸು ಮಾಡೋಕೆ ಆಗೋ ತಡ ಮೊದಲನೇದು. ದಾರೀಲಿ ಆಗೋ ತಡ ಎರಡನೇದು. ಆಸ್ಪತ್ರೆ ಮುಟ್ಟಿದ ಮೇಲೆ ಆಗೋ ತಡ ಮೂರನೇದು.

ಚಿಕ್ಕಮ್ಮ: ಪಠ್ಯದಲ್ಲಿ ಒಂದಾದ ಮೇಲೆ ಒಂದು ಬರುತ್ತೆ. ಜನರ ಮನಸ್ಸಲ್ಲಿ ಮೂರನೇದೇ ಮೊದಲು. ಹೋದ ವರ್ಷ ಪಕ್ಕದ ಮನೆಯವಳನ್ನ ಜೋಲಿಯಲ್ಲಿ ಹೊತ್ಕೊಂಡು ಹೋದಾಗ ಅಲ್ಲಿ ಕೈಗವಸು ಇರ್ಲಿಲ್ಲ, ರಕ್ತ ಇರ್ಲಿಲ್ಲ, ಅವಳು ಉಳೀಲಿಲ್ಲ. ಇದನ್ನ ಕಂಡವರು ಈ ವರ್ಷ ಯಾಕೆ ಬೇಗ ಮನಸ್ಸು ಮಾಡ್ತಾರೆ ಹೇಳು? ಹೊರಗಿನವರು ಬಂದು 'ಜನಕ್ಕೆ ತಿಳಿವಳಿಕೆ ಇಲ್ಲ' ಅಂತ ಬರ್ಕೊಂಡು ಹೋಗ್ತಾರೆ. ತಿಳಿವಳಿಕೆ ಇದ್ದಿದ್ದಕ್ಕೇ ಅವರು ಹೋಗಲ್ಲ.

ಮಗಳು: ಆದ್ರೆ ಸರ್ಕಾರಿ ಆಸ್ಪತ್ರೇಲಿ ಶುಲ್ಕ ತೆಗೆದುಹಾಕಿದ್ರಲ್ಲ, 2007ರಲ್ಲೇ?

ಚಿಕ್ಕಮ್ಮ: ತೆಗೆದ್ರು, ಒಳ್ಳೆ ಕೆಲಸವೇ. ಚೀಟಿಗೆ ದುಡ್ಡಿಲ್ಲ. ಚೀಟಿಯಲ್ಲಿ ಬರೆದ ಮಾತ್ರೆ ಅಲ್ಲಿ ಮುಗಿದಿದ್ರೆ ಹೊರಗೆ ಕೊಳ್ಳಬೇಕು. ಬಂದು ಹೋಗೋಕೆ ಬೈಕ್ ಟ್ಯಾಕ್ಸಿಗೆ ದುಡ್ಡು ಬೇಕು, ಜೊತೆಗೆ ಬಂದವರ ಊಟ ಬೇಕು. ಉಚಿತ ಅನ್ನೋ ಮಾತನ್ನ ಗೋಡೆ ಮೇಲೆ ಬರೆದುಬಿಟ್ರೆ ಸಾಲಲ್ಲ. 1989ರಿಂದ 2003ರವರೆಗೆ ಯುದ್ಧ ನಡೆದ ದೇಶ ಅದು. ಆಸ್ಪತ್ರೆಗಳನ್ನ ದೋಚಿದ್ರು, ಡಾಕ್ಟರುಗಳು ದೇಶ ಬಿಟ್ರು. 2014ರ ಹೊತ್ತಿಗೆ ನಲವತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಇದ್ದ ಡಾಕ್ಟರುಗಳು ಸುಮಾರು ಐವತ್ತು. ನಮ್ಮ ಸಾಗರ, ಶಿವಮೊಗ್ಗದ ಡಾಕ್ಟರುಗಳನ್ನೇ ಲೆಕ್ಕ ಹಾಕಿನೋಡು.

ಮಗಳು: ತಾಯಂದಿರ ಸಾವು ನೋಡಿದೆ. 2013ರ ಸಮೀಕ್ಷೆಯಲ್ಲಿ ಲಕ್ಷ ಜೀವಂತ ಜನನಕ್ಕೆ 1,072. ಮುಂದಿನ ಸಮೀಕ್ಷೆ, 2019-20ರದ್ದು, 742 ಅಂತ ಹೇಳುತ್ತೆ. ಸುಮಾರು ಅದೇ ಹೊತ್ತಿಗೆ ಕರ್ನಾಟಕದ್ದು 69.

ಚಿಕ್ಕಮ್ಮ: ಅಲ್ಲಿ ಬಸುರಿಗೆ 'ಬಿಗ್ ಬೆಲ್ಲಿ' ಅಂತಾರೆ. ಏನೂ ಮುಚ್ಚುಮರೆ ಇಲ್ಲ, ಪ್ರೀತಿಯಿಂದಲೇ ಹೇಳೋದು. 'ಹೌ ದ ಬಾಡಿ' ಅಂತ ಕೇಳ್ತಾರೆ, ಮೈ ಹೇಗಿದೆ ಅಂತ. ನಮ್ಮಲ್ಲಿ 'ಊಟ ಆಯ್ತಾ' ಅಂತ ಕೇಳಲ್ವ, ಹಾಗೆ. ದಿನಕ್ಕೆ ನೂರು ಸಲ ಮೈ ಹೇಗಿದೆ ಅಂತ ಒಬ್ಬರನ್ನೊಬ್ಬರು ಕೇಳ್ಕೊಳ್ಳೋ ಜನ ಅವರು. ನೀನು ಇಳಿದ ಕೂಡಲೇ ಕಲಿಯಬೇಕಾದ ಮಾತು ಅದು.

ಮಗಳು: ಎಬೋಲಾದ ಬಗ್ಗೆ ನೀವು ಯಾವತ್ತೂ ಹೇಳಿಲ್ಲ ಚಿಕ್ಕಮ್ಮ. ಅಮ್ಮ ಕೇಳಿದ್ರೂ ಮಾತು ತಿರುಗಿಸ್ತೀರಿ.

ಚಿಕ್ಕಮ್ಮ: ...

ಮಗಳು: ಬೇಡ ಅಂದ್ರೆ ಬೇಡ.

ಚಿಕ್ಕಮ್ಮ: ಹೇಳ್ತೀನಿ. ನೀನು ಆ ಊರಿಗೇ ಹೋಗ್ತಿದ್ದೀಯ, ನಿನಗೆ ಹೇಳದೆ ಇನ್ಯಾರಿಗೆ ಹೇಳ್ಲಿ. ಶುರು ಎಲ್ಲಿ ಆಯ್ತು, ನೀನು ಓದಿರ್ತೀಯ.

ಮಗಳು: ಗಿನಿಯ ಮೆಲಿಯಾಂಡೂ ಅನ್ನೋ ಹಳ್ಳಿ, 2013ರ ಡಿಸೆಂಬರ್, ಒಂದು ಪುಟ್ಟ ಮಗು. ಅದು ಎಬೋಲಾ ಅಂತ ಖಚಿತವಾಗಿದ್ದು 2014ರ ಮಾರ್ಚ್‌ನಲ್ಲಿ.

ಚಿಕ್ಕಮ್ಮ: ನಡುವೆ ಮೂರು ತಿಂಗಳು. ಮೂರು ದೇಶ ಸೇರೋ ಗಡಿಯಂಚು ಅದು. ಸಂತೆಗೂ ಮದುವೆಗೂ ಸಾವಿಗೂ ಜನ ದಿನಾ ಗಡಿ ದಾಟ್ತಾರೆ. ರಕ್ತ ತೆಗೆದು ಪರೀಕ್ಷೆಗೆ ಕಳಿಸೋಕೆ ಅಲ್ಲೊಬ್ಬರು ಇದ್ದಿದ್ರೆ? ರೋಗ ಹೊಸದಲ್ಲ, 1976ರಿಂದ ಜಗತ್ತಿಗೆ ಗೊತ್ತಿದ್ದಿದ್ದೇ. ಗುರುತಿಸೋ ಕಣ್ಣು ಅಲ್ಲಿರ್ಲಿಲ್ಲ. ಕೊನೆಗೆ ಮೂರು ದೇಶ ಸೇರಿ 28,600ಕ್ಕೂ ಹೆಚ್ಚು ಜನಕ್ಕೆ ತಗುಲಿ, 11,300ಕ್ಕೂ ಹೆಚ್ಚು ಜನ ಹೋದ್ರು. ಅದರಲ್ಲಿ ಐದುನೂರಕ್ಕೂ ಹೆಚ್ಚು ಜನ ನಮ್ಮಂಥ ನರ್ಸುಗಳು, ಡಾಕ್ಟರುಗಳು, ಆಯಾಗಳು.

ಮಗಳು: ಅದೇ ವರ್ಷ ಜುಲೈನಲ್ಲಿ ಮನ್ರೋವಿಯಾದಿಂದ ಒಬ್ಬರು ವಿಮಾನದಲ್ಲಿ ಲಾಗೋಸ್‌ಗೆ ಹೋದ್ರು. ಅಷ್ಟು ದೊಡ್ಡ ಊರು, ಆದ್ರೂ ನೈಜೀರಿಯಾದಲ್ಲಿ 20 ಜನಕ್ಕೆ ತಗುಲಿ 8 ಜನ ಸತ್ತು ಅಲ್ಲಿಗೇ ನಿಂತಿತು. ಡಾಕ್ಟರ್ ಅಮೆಯೊ ಆಡಾಡೆವೊ ಆ ರೋಗಿಯನ್ನ ಆಸ್ಪತ್ರೆಯಿಂದ ಬಿಡಲಿಲ್ಲ, ಎಷ್ಟು ಒತ್ತಡ ಬಂದ್ರೂ. ಅವರೂ ಅದೇ ಸೋಂಕಿಗೆ ಹೋದ್ರು.

ಚಿಕ್ಕಮ್ಮ: ಆ ತಾಯಿಯ ಹೆಸರು ಕೇಳಿದ್ರೆ ಇವತ್ತಿಗೂ ಕೈ ಮುಗೀಬೇಕು ಅನ್ಸುತ್ತೆ. ಇನ್ನೊಂದು ವಿಷಯ ಏನಂದ್ರೆ, ಅಲ್ಲಿ ಪೋಲಿಯೋಗೆ ಅಂತ ಮನೆಮನೆ ತಿರುಗಿದ ಜನ ಇದ್ರು. ಅವರೇ ಎಬೋಲಾಕ್ಕೂ ಸಂಪರ್ಕಿತರನ್ನ ಹುಡುಕೋಕೆ ಹೊರಟ್ರು. ನಮ್ಮಲ್ಲಿ ಅಂಥವರು ಇರ್ಲಿಲ್ಲ.

ಮಗಳು: 'ನಮ್ಮಲ್ಲಿ' ಅಂತೀರಿ.

ಚಿಕ್ಕಮ್ಮ: ಹತ್ತು ವರ್ಷ ಇದ್ದೆನಲ್ಲೇ, ಇನ್ನೇನನ್ನಲಿ. ನಾನು ಒಂದು ಖಾಸಗಿ ಕ್ಲಿನಿಕ್‌ನಲ್ಲಿದ್ದೆ. ಹೆಸರು ಬೇಡ. ನನ್ನ ಜೊತೆ ಒಬ್ಬ ನರ್ಸ್ ಏಡ್ ಇದ್ಲು, ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ. ಮರಗೆಣಸಿನ ಸೊಪ್ಪಿನ ಸಾರು ಮಾಡೋದನ್ನ ನನಗೆ ಕಲಿಸಿದ್ದು ಅವಳೇ. ಮೀನು ಹಾಕದೆ ಮಾಡಿದ್ರೆ ಅದು ಸಾರೇ ಅಲ್ಲ ಅಂತ ಜಗಳ ಆಡೋಳು. ಜುಲೈ ಕೊನೆಯಲ್ಲಿ ಜ್ವರದ ರೋಗಿಗಳು ಬರೋಕೆ ಶುರುವಾದ್ರು. ಮಲೇರಿಯಾದ ಜ್ವರ, ಟೈಫಾಯಿಡ್ ಜ್ವರ, ಎಬೋಲಾ ಜ್ವರ, ಮೊದಲ ಮೂರು ದಿನ ಎಲ್ಲ ಒಂದೇ ಥರ. ಒಂದು ಪೆಟ್ಟಿಗೆ ಕೈಗವಸು ಇತ್ತು. ಅದು ಮುಗಿದ ದಿನ ಕ್ಲಿನಿಕ್‌ನವರು ಬಾಗಿಲು ಹಾಕಿದ್ರು. ಅವರನ್ನೂ ಬೈಯೋಕೆ ಬಾಯಿ ಬರಲ್ಲ, ಬೈಯದೆ ಇರೋಕೂ ಆಗಲ್ಲ. ಅವತ್ತು ಗೇಟಿನ ಆಚೆ ಒಬ್ಬ ತಂದೆ ಮಗು ಎತ್ಕೊಂಡು ನಿಂತಿದ್ದ. ಅದಕ್ಕೆ ಬಹುಶಃ ಬರೀ ಮಲೇರಿಯಾ.

ಮಗಳು: ಆ ವರ್ಷ ಮಲೇರಿಯಾ, ಕ್ಷಯ, ಎಚ್‌ಐವಿಗೆ ಚಿಕಿತ್ಸೆ ನಿಂತು ಹೋದ ಜೀವಗಳು ಎಬೋಲಾದಿಂದ ಹೋದ ಜೀವಗಳಿಗೆ ಹೆಚ್ಚುಕಡಿಮೆ ಸಮ ಅಂತ ಸಂಶೋಧಕರು ಅಂದಾಜು ಮಾಡಿದಾರೆ.

ಚಿಕ್ಕಮ್ಮ: ಇರಬಹುದು. ಗೇಟಿನಾಚೆ ನಿಂತವರನ್ನ ಎಣಿಸಿದ್ಯಾರು... ನನ್ನ ಗೆಳತಿಗೆ ಆಗಸ್ಟ್‌ನಲ್ಲಿ ಜ್ವರ ಬಂತು. ಚಿಕಿತ್ಸಾ ಕೇಂದ್ರದ ಮುಂದೆ ಜಾಗ ಇಲ್ಲದೆ ಜನ ಮಳೆಯಲ್ಲೇ ಮಲಗಿದ್ರು. ಅವಳೂ ಮಲಗಿದ್ಲು. ಒಳಗೆ ತಗೊಂಡ ನಾಲ್ಕನೇ ದಿನಕ್ಕೆ ಹೋದ್ಲು. ಆಮೇಲೆ ಅವಳನ್ನ ಸುಟ್ರು.

ಮಗಳು: ಸುಟ್ರು ಅಂದ್ರೆ, ದಹನ?

ಚಿಕ್ಕಮ್ಮ: ಲೈಬೀರಿಯಾದಲ್ಲಿ ಯಾರೂ ಸುಡಲ್ಲ ಪುಟ್ಟಿ. ಕ್ರೈಸ್ತರೂ ಇಲ್ಲ, ಮುಸಲ್ಮಾನರೂ ಇಲ್ಲ. ಹೆಣ ತೊಳೀತಾರೆ, ಹತ್ತಿರದವರು ಮುಟ್ಟಿ ಬೀಳ್ಕೊಡ್ತಾರೆ, ಹೂಳ್ತಾರೆ. ಎಬೋಲಾ ಅದನ್ನೇ ಹಿಡ್ಕೊಂಡಿತು. ಸತ್ತ ಮೈಯಲ್ಲಿ ವೈರಸ್ ಅತಿ ಹೆಚ್ಚು, ತೊಳೆದ ಕೈಗೆಲ್ಲ ಅದು. ಹೂಳೋಕೆ ಅಂತ ಜಾನ್ಸನ್‌ವಿಲ್ ಕಡೆಯ ಜೌಗಿಗೆ ತಗೊಂಡು ಹೋದ್ರೆ, ಅಲ್ಲಿನ ಜನ ತಡೆದ್ರು, ಗುಂಡಿ ತುಂಬ ನೀರು. ಆಗಸ್ಟ್‌ನಲ್ಲಿ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಸರ್ಕಾರ ರಾಜಧಾನಿಯ ಹೆಣಗಳನ್ನೆಲ್ಲ ಸುಡಬೇಕು ಅಂತ ಆಜ್ಞೆ ಮಾಡ್ತು. ಎಲ್ಲಿ ಸುಡೋದು? ಮನ್ರೋವಿಯಾದ ಹೊರಗೆ, ಮಾರ್ಷಲ್ ಹತ್ತಿರ ಬಾಯ್ಸ್ ಟೌನ್ ಅಂತಿದೆ. ಅಲ್ಲೊಂದು ಚಿತಾಗಾರ ಇತ್ತು. ಅದು ನಮ್ಮವರದು. ಅಲ್ಲಿನ ಭಾರತೀಯ ಸಮುದಾಯದ್ದು.

ಮಗಳು: ನಮ್ಮವರದ್ದಾ!

ಚಿಕ್ಕಮ್ಮ: ಅಂಗಡಿ ಇಟ್ಕೊಂಡ ಸಿಂಧಿಗಳು, ಗುಜರಾತಿಗಳು, ಅವರ ಹತ್ತಿರ ಕೆಲಸಕ್ಕಿದ್ದ ನಮ್ಮಂಥವರು. ವರ್ಷಕ್ಕೆ ಎಲ್ಲೋ ಒಂದೆರಡು ಸಾವು. ನಿನ್ನ ಚಿಕ್ಕಪ್ಪನ ಜೊತೆ ಕೆಲಸ ಮಾಡ್ತಿದ್ದ ಒಬ್ಬರಿಗೆ ಹೃದಯಾಘಾತ ಆಗಿ ಹೋದಾಗ ನಾನೂ ಅಲ್ಲಿಗೆ ಹೋಗಿದ್ದೆ. ಎಳ್ಳು, ತುಪ್ಪ, ಗಂಧದ ಕಡ್ಡಿ. ಪರದೇಶದಲ್ಲೂ ಒಂದು ಗತಿ ಕಾಣಿಸ್ತಾರಲ್ಲ ಅಂತ ಸಮಾಧಾನ ಆಗಿತ್ತು. ಅದೇ ಜಾಗಕ್ಕೆ ಆಮೇಲೆ ಲಾರಿಗಳು ಬಂದ್ವು. ನಾಲ್ಕು ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಣ. ಸುಡೋ ಕೆಲಸಕ್ಕೆ ಹೋದ ಹುಡುಗರನ್ನ ಅವರವರ ಮನೆಯವರೇ ಒಳಗೆ ಬಿಟ್ಟುಕೊಳ್ಳಲಿಲ್ಲ.

ಮಗಳು: ಸೋಂಕು ತಡೆಯೋ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ ಅಲ್ವಾ? ಬೆಂಕಿಗಿಂತ ಸುರಕ್ಷಿತ ಯಾವುದಿದೆ?

ಚಿಕ್ಕಮ್ಮ: ನಾನೂ ಹಾಗೇ ಅಂದ್ಕೊಂಡಿದ್ದೆ. ಗೆಳತಿಯ ತಾಯಿಯನ್ನ ಕಾಣೋಕೆ ಹೋದಾಗ ಹಾಗೇ ಹೇಳಿದೆ ಕೂಡ. ಆ ಅಮ್ಮ ಕೇಳಿದ್ಲು, 'ನಿಮ್ಮವರು ಸುಡ್ತಾರಂತೆ, ನಿಜವಾ?' ಅಂತ. ಹೌದಮ್ಮ, ನನ್ನ ಅಪ್ಪನನ್ನೂ ಸುಟ್ಟಿದ್ದು, ನಮಗೆ ಬೆಂಕಿ ಅಂದ್ರೆ ಪವಿತ್ರ ಅಂತ ಹೇಳಿದೆ. ಅವಳಿಗೆ ನೆಮ್ಮದಿ ಆಗುತ್ತೆ ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮ ಅಪ್ಪನಿಗೆ ಬೆಂಕಿ ಇಟ್ಟಿದ್ದು ಯಾರು?' ಅಂದ್ಲು. ಅಣ್ಣ ಅಂದೆ. 'ನನ್ನ ಮಗಳ ಹೆಸರನ್ನ ಅಲ್ಲಿ ಯಾರಾದ್ರೂ ಕರೆದ್ರಾ?' ಅಂತ ಕೇಳಿದ್ಲು.

ಮಗಳು: ...

ಚಿಕ್ಕಮ್ಮ: ಮಾರ್ಚ್ ತಿಂಗಳ ಎರಡನೇ ಬುಧವಾರ ಅಲ್ಲಿ ಡೆಕೊರೇಷನ್ ಡೇ. ಇಡೀ ದೇಶಕ್ಕೆ ರಜೆ. ಮನೆಮಂದಿ ಎಲ್ಲ ಸಮಾಧಿಗೆ ಹೋಗ್ತಾರೆ, ಕಳೆ ಕೀಳ್ತಾರೆ, ಸುಣ್ಣ ಬಳೀತಾರೆ, ಹೂ ಇಡ್ತಾರೆ. ನಮ್ಮ ಮಹಾಲಯದ ಹಾಗೆ ಅಂದ್ಕೋ. ಸುಟ್ಟುಬಿಟ್ರೆ ಆ ಬುಧವಾರ ಅವರು ಎಲ್ಲಿಗೆ ಹೋಗಬೇಕು? ಅದಕ್ಕೇ ಜನ ಹೆಣ ಬಚ್ಚಿಟ್ರು. ಹೆಣ ಬಚ್ಚಿಡಬೇಕಾದ್ರೆ ರೋಗಿಯನ್ನೂ ಬಚ್ಚಿಡಬೇಕು. ಆಸ್ಪತ್ರೆಗೆ ಕೊಟ್ರೆ ಬೂದಿನೂ ಕೈಗೆ ಬರಲ್ಲ ಅಂತಾದಾಗ ಯಾರು ಕೊಡ್ತಾರೆ? ಸೋಂಕು ತಡೆಯೋಕೆ ಅಂತ ಹಚ್ಚಿದ ಬೆಂಕಿಯೇ ಸೋಂಕನ್ನ ಮನೆಯೊಳಗೆ ಅಟ್ಟಿತು. ಡಿಸೆಂಬರ್‌ಗೆ ಸರ್ಕಾರಕ್ಕೂ ಅರ್ಥವಾಯ್ತು. ವಿಮಾನ ನಿಲ್ದಾಣದ ಹೆದ್ದಾರಿಯಲ್ಲಿ ಡಿಸ್ಕೋ ಹಿಲ್ ಅನ್ನೋ ಕಡೆ ಸ್ಮಶಾನ ಮಾಡಿದ್ರು. ಮನೆಯವರು ದೂರ ನಿಂತು ನೋಡಬಹುದು, ಪ್ರಾರ್ಥನೆ ಮಾಡಬಹುದು, ಗುಂಡಿಯ ಮೇಲೆ ಹೆಸರಿರುತ್ತೆ. ಸುಟ್ಟವರ ಬೂದಿಯನ್ನೂ ಡ್ರಮ್ಮುಗಳಲ್ಲಿ ಅಲ್ಲಿಗೇ ತಂದಿಟ್ರು.

ಮಗಳು: ಮನ್ರೋವಿಯಾದ ವೆಸ್ಟ್ ಪಾಯಿಂಟ್‌ನಲ್ಲೂ ಅದೇ ಆಗಸ್ಟ್‌ನಲ್ಲಲ್ವಾ? ಕೇರಿಗೆ ಕೇರಿಯನ್ನೇ ಸೈನ್ಯ ಸುತ್ತುವರಿದಿದ್ದು.

ಚಿಕ್ಕಮ್ಮ: ಹೌದು. ಸಮುದ್ರಕ್ಕೆ ಚಾಚಿಕೊಂಡ ಮರಳು ನಾಲಗೆ ಅದು, ಹತ್ತಾರು ಸಾವಿರ ಜನರ ತಗಡಿನ ಮನೆಗಳು. ಹೇಳದೆ ಕೇಳದೆ ಅಲ್ಲಿನ ಶಾಲೆಗೆ ಬೇರೆ ಕಡೆಯ ರೋಗಿಗಳನ್ನ ತಂದು ಹಾಕಿದ್ರು, ಜನ ಸಿಟ್ಟಿನಿಂದ ನುಗ್ಗಿದ್ರು. ಆಮೇಲೆ ಮುಳ್ಳುತಂತಿ, ಬಂದೂಕು. ಒಬ್ಬ ಹದಿನೈದರ ಹುಡುಗ ಗುಂಡು ತಗುಲಿ ಸತ್ತ. ಹತ್ತು ದಿನಕ್ಕೆ ದಿಗ್ಬಂಧನ ತೆಗೆದ್ರು. ಅದೇ ಕೇರಿ ಆಮೇಲೆ ತಾನೇ ಎದ್ದು ನಿಂತಿದ್ದನ್ನ ಜಗತ್ತು ಅಷ್ಟಾಗಿ ನೆನಪಿಟ್ಟುಕೊಳ್ಳಲಿಲ್ಲ. ಡಾಕ್ಟರ್ ಮೊಸೊಕಾ ಫಲ್ಲಾ ಅಂತ ಸಾಂಕ್ರಾಮಿಕ ರೋಗಗಳ ತಜ್ಞರು, ಮನ್ರೋವಿಯಾದ ಬಡ ಕೇರಿಯಲ್ಲೇ ಬೆಳೆದವರು. ಅವರು ಹೋಗಿ ಹಿರಿಯರ ಜೊತೆ ಕೂತರು. ಕೇರಿಯ ಹುಡುಗರೇ, ಹೆಂಗಸರೇ ಮನೆಮನೆಗೆ ಹೋಗಿ ಯಾರಿಗೆ ಜ್ವರ, ಯಾರು ಸತ್ರು ಅಂತ ಬರ್ಕೊಂಡು ಬಂದ್ರು. ಸೈನಿಕನಿಗೆ ತೆರೆಯದ ಬಾಗಿಲು ಪಕ್ಕದ ಮನೆಯವಳಿಗೆ ತೆರೀತು.

ಮಗಳು: ಅಮ್ಮನೂ ಮಾಡಿದ್ದು ಅದನ್ನೇ ಅಲ್ವಾ, ಅರಳಗೋಡಿನ ವರ್ಷ.

ಚಿಕ್ಕಮ್ಮ: ಅಕ್ಕ ಅವತ್ತು ತಿರುಗಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಮಂಗನ ಕಾಯಿಲೆ ಇಲ್ಲೇ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಸಿಕ್ಕಿದ್ದು. ಅರವತ್ತು ವರ್ಷ ಆದ್ಮೇಲೂ ಅರಳಗೋಡಲ್ಲಿ ಜನ ಸತ್ರು. ಚುಚ್ಚುಮದ್ದು ಇತ್ತು, ತುಂಬ ನೋಯುತ್ತೆ, ಮತ್ತೆ ಮತ್ತೆ ಹಾಕಿಸ್ಕೋಬೇಕು ಅಂತ ಜನ ಹಿಂಜರಿದ್ರು. ಆಶಾ ಕಾರ್ಯಕರ್ತೆ ಅಂತ ಅಕ್ಕ ಮನೆಮನೆಗೆ ಹೋಗಿ, ಬೈಸ್ಕೊಂಡು, ಕಾಡಿಗೆ ಹೋಗೋ ಮೊದಲು ಮೈಗೆ ಎಣ್ಣೆ ಸವರಿಸಿ, ಉಣುಗು ಕಚ್ಚಿದೆಯಾ ಅಂತ ನೋಡಿ ಬರ್ತಿದ್ಲು. ನಾನು ನರ್ಸಿಂಗ್ ಓದ್ಲಿ ಅಂತ ತಾನು ಹತ್ತಕ್ಕೇ ಬಿಟ್ಟೋಳು. ನಾನು ದೂರದ ದೇಶದಲ್ಲಿ ಕಲ್ತಿದ್ದನ್ನ ಅವಳು ಮನೆಯಲ್ಲೇ ಇದ್ದು ಮಾಡ್ತಿದ್ಲು.

ಮಗಳು: ಆದ್ರೂ ನಮ್ಮ ಸರ್ಕಾರ ಅವಳನ್ನ ಸ್ವಯಂಸೇವಕಿ ಅನ್ನುತ್ತೆ. ನಿಗದಿತ ಗೌರವಧನಕ್ಕೆ ಅಂತ ಎಷ್ಟು ಸಲ ಬೆಂಗಳೂರಿಗೆ ಹೋಗಿ ರಸ್ತೇಲಿ ಕೂತಿದ್ದಾಳೆ.

ಚಿಕ್ಕಮ್ಮ: ಆ ವಿಷಯದಲ್ಲಿ ಲೈಬೀರಿಯಾ ಒಂದು ಹೆಜ್ಜೆ ಮುಂದಿಟ್ಟಿತು. ರಾಜ್ ಪಂಜಾಬಿ ಅಂತ ಡಾಕ್ಟರು, ಹುಟ್ಟಿದ್ದು ಮನ್ರೋವಿಯಾದಲ್ಲಿ, ತಂದೆತಾಯಿ ಭಾರತದಿಂದ ಹೋದವರು. ಯುದ್ಧದಲ್ಲಿ ಒಂಬತ್ತು ವರ್ಷದ ಹುಡುಗನಾಗಿ ದೇಶ ಬಿಟ್ಟು ಅಮೆರಿಕ ಸೇರಿ, ಡಾಕ್ಟರಾಗಿ ವಾಪಸ್ ಬಂದ್ರು. 2007ರಲ್ಲಿ ಶುರು ಮಾಡಿದ ಸಂಸ್ಥೆ ಆಮೇಲೆ ಲಾಸ್ಟ್ ಮೈಲ್ ಹೆಲ್ತ್ ಆಯ್ತು. ಗ್ರ್ಯಾಂಡ್ ಗೆಡೆಯ ಕೊನೊಬೊ ಕಡೆ, ಕಾಡಿನ ಒಳಗೆ, ಹಳ್ಳಿಯವರನ್ನೇ ತರಬೇತು ಮಾಡಿದ್ರು. ಎಬೋಲಾ ಆದ್ಮೇಲೆ, 2016ರಲ್ಲಿ, ಸರ್ಕಾರವೇ ಅದನ್ನ ಇಡೀ ದೇಶದ ಕಾರ್ಯಕ್ರಮ ಮಾಡ್ತು.

ಮಗಳು: ಸಮುದಾಯ ಆರೋಗ್ಯ ಸಹಾಯಕರು. ನನ್ನ ಕೆಲಸ ಅವರ ಜೊತೆಗೇ. ಆರೋಗ್ಯ ಕೇಂದ್ರದಿಂದ ಐದು ಕಿಲೋಮೀಟರ್‌ಗಿಂತ ಆಚೆ ಇರೋ ಹಳ್ಳಿಗಳಿಗೆ ಅವರು. ಸುಮಾರು ಹನ್ನೆರಡು ಲಕ್ಷ ಜನ ಆ ಗೆರೆಯ ಆಚೆ ಇದ್ದಾರೆ. ಮಲೇರಿಯಾಕ್ಕೆ ಬೆರಳು ಚುಚ್ಚಿ ಅಲ್ಲೇ ಪರೀಕ್ಷೆ, ಅಲ್ಲೇ ಮಾತ್ರೆ. ಮಗುವಿನ ಉಸಿರು ಎಣಿಸಿ ನ್ಯುಮೋನಿಯಾ ಗುರುತಿಸ್ತಾರೆ, ಭೇದಿಗೆ ಒಆರ್‌ಎಸ್ ಕೊಡ್ತಾರೆ. ತಿಂಗಳಿಗೆ 70 ಡಾಲರ್ ಅಂತ ನಿಗದಿ.

ಚಿಕ್ಕಮ್ಮ: ಎಪ್ಪತ್ತು ಡಾಲರ್ ದೊಡ್ಡ ದುಡ್ಡಲ್ಲ. ಆದ್ರೆ ಇದು ದಾನ ಅಲ್ಲ, ಕೂಲಿ ಅಂತ ಕಾಗದದಲ್ಲಿ ಇದೆಯಲ್ಲ, ಅದು ದೊಡ್ಡದು. ಆ ದುಡ್ಡು ಸಮಯಕ್ಕೆ ಬರುತ್ತಾ, ಮಾತ್ರೆಯ ಪೆಟ್ಟಿಗೆ ಮಳೆಗಾಲದಲ್ಲಿ ತುಂಬಿರುತ್ತಾ, ಇದನ್ನ ನೀನು ನೋಡು. ವಿದೇಶದ ನೆರವಿನ ಮೇಲೆ ನಿಂತ ಮನೆ ಅದು. ದಾನಿಗಳ ಮನಸ್ಸು ತಿರುಗಿದ ದಿನ ಮೊದಲು ಖಾಲಿಯಾಗೋದು ಆ ಪೆಟ್ಟಿಗೆಯೇ. ಪೆಟ್ಟಿಗೆ ಖಾಲಿ ಇದ್ರೆ ಬೈಸ್ಕೊಳ್ಳೋದು ದಾನಿಯಲ್ಲ, ಹಳ್ಳಿಯಲ್ಲಿ ಮುಖ ತೋರಿಸಬೇಕಾದ ಆ ಹುಡುಗಿ.

ಮಗಳು: ಅಲ್ಲಿ ಔಷಧಗಳಲ್ಲಿ ಬಹಳಷ್ಟು ನಮ್ಮ ದೇಶದ್ದೇ ಅಂತೆ.

ಚಿಕ್ಕಮ್ಮ: ಡಬ್ಬಿ ತಿರುಗಿಸಿದ್ರೆ ಇಂಡಿಯಾ ಅಂತಿರುತ್ತೆ. ಪುಣೆಯಲ್ಲಿ ಮಾಡಿದ ಮೆನಿಂಜೈಟಿಸ್ ಲಸಿಕೆ 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೋದಲ್ಲಿ ಶುರುವಾಯ್ತು. ಒಂದು ಡೋಸಿಗೆ ಅರ್ಧ ಡಾಲರ್‌ಗಿಂತ ಕಡಿಮೆ. 1996-97ರಲ್ಲಿ ಆ ಭಾಗದ ದೇಶಗಳಲ್ಲಿ 25,000 ಜನರನ್ನ ತೆಗೆದ ರೋಗ ಅದು. ಲಸಿಕೆ ಬಂದ ಮೇಲೆ ಅದು ತಡೆಯೋ ಎ ಗುಂಪಿನ ಮೆನಿಂಜೈಟಿಸ್ ಹೆಚ್ಚುಕಡಿಮೆ ಮಾಯವಾಯ್ತು. ಅದನ್ನ ಹೇಳುವಾಗ ಎದೆ ತುಂಬುತ್ತೆ. ಆಮೇಲೆ 2022ರಲ್ಲಿ ಗ್ಯಾಂಬಿಯಾದ ಸುದ್ದಿ ಓದಿದೆ. ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳ ಮೂತ್ರಪಿಂಡ ಕೈಕೊಟ್ಟು, ಅರವತ್ತಕ್ಕೂ ಹೆಚ್ಚು ಮಕ್ಕಳು... ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳಲ್ಲಿ ವಿಷದ ಅಂಶ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸ್ತು. ಆ ದಿನ ಊಟ ಸೇರ್ಲಿಲ್ಲ. ತಾಯಿ ತನ್ನ ಕೈಯಾರೆ ಚಮಚದಲ್ಲಿ ಕುಡಿಸಿರ್ತಾಳೆ ಕಣೇ. ಡಬ್ಬಿಯ ಮೇಲೆ ನಮ್ಮ ದೇಶದ ಹೆಸರಿದ್ರೆ ಅದು ನಮ್ಮ ಜವಾಬ್ದಾರಿನೂ ಹೌದು ಅಂತ ನೀನು ಅಲ್ಲಿ ಮರೀಬೇಡ.

ಮಗಳು: ನೀವು ವಾಪಸ್ ಬಂದಿದ್ದು 2016ರಲ್ಲಿ. ಆಮೇಲೆ ಅಲ್ಲಿಯ ಸುದ್ದಿ?

ಚಿಕ್ಕಮ್ಮ: ಫೋನು ಬರ್ತಿರುತ್ತೆ. 2017ರ ಫೆಬ್ರವರಿಯಲ್ಲಿ ಬಂದ ಫೋನು ಮಾತ್ರ... ಸಲೋಮೆ ಕಾರ್ವಾ ಅಂತ, ನೀನು ಕೇಳಿರಬಹುದು. ಎಬೋಲಾದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡು ತಾನು ಬದುಕಿದ್ಲು. ಅದೇ ಚಿಕಿತ್ಸಾ ಕೇಂದ್ರಕ್ಕೆ ವಾಪಸ್ ಹೋಗಿ ರೋಗಿಗಳ ಆರೈಕೆಗೆ ನಿಂತ್ಲು. ಒಮ್ಮೆ ಬಂದು ಹೋದವರಿಗೆ ಮತ್ತೆ ಬರಲ್ಲ ಅನ್ನೋ ಧೈರ್ಯದಲ್ಲಿ, ಬೇರೆ ಯಾರೂ ಮುಟ್ಟದ ಮಕ್ಕಳನ್ನ ಎತ್ಕೊಳ್ತಿದ್ಲು. ಟೈಮ್ ಪತ್ರಿಕೆ 2014ರ ವರ್ಷದ ವ್ಯಕ್ತಿಗಳು ಅಂತ ಎಬೋಲಾ ಹೋರಾಟಗಾರರನ್ನ ಆರಿಸಿದಾಗ ಅವಳ ಮುಖವೂ ಅದರಲ್ಲಿತ್ತು. ಎರಡು ವರ್ಷ ಕಳೆದು ಸಿಸೇರಿಯನ್ ಹೆರಿಗೆ ಆಯ್ತು, ಮನೆಗೆ ಬಂದ್ಲು, ಫಿಟ್ಸ್ ಶುರುವಾಯ್ತು. ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಅಲ್ಲಿಯವರು ಅವಳನ್ನ ಮುಟ್ಟೋಕೆ ಹೆದರಿದ್ರು, ಎಬೋಲಾದಿಂದ ಬದುಕಿದವಳು ಅಂತ. ಹಾಗಂತ ಅವಳ ಗಂಡ, ಸೋದರಿ ಹೇಳಿದ್ರು. ಹೋಗಿಬಿಟ್ಲು.

ಮಗಳು: ಆಸ್ಪತ್ರೆ ಊರಲ್ಲೇ ಇತ್ತು.

ಚಿಕ್ಕಮ್ಮ: ಊರಲ್ಲೇ. ಐದು ಕಿಲೋಮೀಟರ್ ಲೆಕ್ಕದಲ್ಲಿ ಅವಳು ಗೆರೆಯ ಈಚೆಯವಳು. ನಿನ್ನ ಮೂರನೇ ವಿಳಂಬ ಅದು. ಆದ್ರೆ ಆ ನರ್ಸುಗಳನ್ನ ಕ್ರೂರಿಗಳು ಅನ್ನೋಕೆ ನನಗೆ ಆಗ್ಲಿಲ್ಲ. ಕೈಗವಸಿಲ್ಲದೆ ಗೆಳತಿಯರನ್ನ ಕಳ್ಕೊಂಡ ಕೈಗಳು ಅವು. ಆ ಭಯವನ್ನ ಅವರ ಮೈಯಿಂದ ಇಳಿಸೋಕೆ ಅಂತ ಯಾರಾದ್ರೂ ಅವರ ಜೊತೆ ಕೂತಿದ್ರಾ? ನನ್ನ ಜೊತೆಯಂತೂ ಯಾರೂ ಕೂರಲಿಲ್ಲ.

ಮಗಳು: ಇವತ್ತು ನಾನು ಕೂತಿದ್ದೀನಿ.

ಚಿಕ್ಕಮ್ಮ: ಹೌದು ಪುಟ್ಟಿ.

ಮಗಳು: ಮುಂದಿನ ಮಾರ್ಚ್‌ಗೆ ನಾನು ಅಲ್ಲೇ ಇರ್ತೀನಿ ಚಿಕ್ಕಮ್ಮ. ಎರಡನೇ ಬುಧವಾರ ಡಿಸ್ಕೋ ಹಿಲ್‌ಗೆ ಹೋಗ್ಲಾ?

ಚಿಕ್ಕಮ್ಮ: ನನ್ನ ಗೆಳತಿಯ ಅಮ್ಮನ ಫೋನ್ ನಂಬರ್ ಕೊಡ್ತೀನಿ. ಮೊದಲು ಅವಳ ಮನೆಗೆ ಹೋಗು, ಅವಳನ್ನ ಕರ್ಕೊಂಡೇ ಹೋಗು. ಬೂದಿಯ ಡ್ರಮ್ಮುಗಳಲ್ಲಿ ಯಾರು ಯಾವುದರಲ್ಲಿ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೆ ಅವಳು ಎಲ್ಲದಕ್ಕೂ ಹೂ ಇಟ್ಟು ಬರ್ತಾಳಂತೆ. ಸುಣ್ಣ ಅಲ್ಲೇ ದಾರೀಲಿ ಮಾರ್ತಾರೆ, ದುಡ್ಡು ನನ್ನದು, ಈಗಲೇ ಇಟ್ಕೋ. ಬಳಿಯೋದು ಮುಗಿದ ಮೇಲೆ ಗೆಳತಿಯ ಹೆಸರನ್ನ ಒಂದು ಸಲ ಗಟ್ಟಿಯಾಗಿ ಕೂಗು. ಬರ್ಕೋ, ಹೇಳ್ತೀನಿ.